ಪೇಟೆ ಬೀದಿಗೆ ಮತ್ತೆ ಜನ ಬರಬೇಕಾದರೆ: ಸಣ್ಣ ಊರಿನವರು ಸೇರಿ ಮಾಡಬಹುದಾದ ಕೆಲಸ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳ ಹೊರಗಿನಿಂದಲೇ ವಾಹನಗಳು ಹೋಗತೊಡಗಿದವು. ಮದ್ದೂರಿನಲ್ಲಂತೂ ಊರಿನ ತಲೆ ಮೇಲೆ ಮೇಲ್ಸೇತುವೆ. ಪ್ರಯಾಣಿಕರಿಗೆ ಸಮಯ ಉಳಿಯಿತು, ನಿಜ. ಆದರೆ ಹಳೇ ರಸ್ತೆಯ ಎರಡೂ ಬದಿ ಗೊಂಬೆ, ವಡೆ, ತಟ್ಟೆ ಇಡ್ಲಿ ಮಾರುತ್ತಿದ್ದವರ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು.

ಇದು ಮೈಸೂರು ರಸ್ತೆಯ ಕಥೆ ಮಾತ್ರ ಅಲ್ಲ. ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ಬಸ್ ನಿಲ್ದಾಣ ಊರಾಚೆ ಹೋಗಿದೆ. ತಾಲ್ಲೂಕು ಕಚೇರಿ ಹೊಸ ಬಡಾವಣೆಗೆ ಹೋಗಿದೆ. ಬೈಪಾಸಿನ ಪಕ್ಕ ದೊಡ್ಡ ಮಾರ್ಟ್ ಬಂದಿದೆ. ಉಳಿದದ್ದು ಮೊಬೈಲಿನಲ್ಲೇ ಮನೆಗೆ ಬರುತ್ತದೆ. ಹಳೇ ಪೇಟೆ ಬೀದಿಯಲ್ಲಿ ನಾಲ್ಕು ಶಟರ್‌ಗೆ ಒಂದು ಮುಚ್ಚಿರುತ್ತದೆ. ಸಂಜೆ ಏಳಾದರೆ ಕತ್ತಲು.

ಇಂಥ ಬೀದಿಯನ್ನು ಎಬ್ಬಿಸೋಣ ಅಂತ ಹೊರಟವರು ಸಾಮಾನ್ಯವಾಗಿ ಸ್ವಾಗತ ಕಮಾನು, ಬಣ್ಣದ ಟೈಲ್ಸ್, ಗೋಡೆ ಚಿತ್ರಗಳಿಂದ ಶುರು ಮಾಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಪೇಟೆಗೆ ಬಂದವರು ಇಲ್ಲಿ ಒಂದು ಗಂಟೆ ನೆಮ್ಮದಿಯಾಗಿ ಇರಬಹುದಾ? ನೆರಳು, ನೀರು, ಶೌಚಾಲಯ, ಕೂರಲು ಒಂದು ಕಟ್ಟೆ, ಗಾಡಿ ನಿಲ್ಲಿಸಲು ಜಾಗ. ಇವಿದ್ದರೆ ಹತ್ತು ನಿಮಿಷಕ್ಕೆ ಬಂದವರು ಒಂದು ಗಂಟೆ ಇರುತ್ತಾರೆ. ಒಂದಂಗಡಿಗೆ ಬಂದವರು ಮೂರಂಗಡಿ ಹತ್ತಿ ಇಳಿಯುತ್ತಾರೆ. ವ್ಯಾಪಾರ ಹುಟ್ಟುವುದು ಅಲ್ಲಿ. ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಈ ಒಂದು ಗಂಟೆಯ ಸುತ್ತಲೇ ಇವೆ.

ಮೊದಲು ಬೀದಿ ನಡೆದು ಎಣಿಸಿ

ಸಭೆ ಕರೆಯುವ ಮೊದಲು ನಿಮ್ಮ ಬೀದಿಯ ಲೆಕ್ಕ ನಿಮ್ಮ ಕೈಯಲ್ಲಿರಲಿ. ಇಲ್ಲದಿದ್ದರೆ ಸಭೆಯಲ್ಲಿ ಜೋರು ದನಿ ಇದ್ದವರ ಮಾತೇ ಲೆಕ್ಕವಾಗಿಬಿಡುತ್ತದೆ.

ಎರಡು ದಿನ ಆರಿಸಿಕೊಳ್ಳಿ: ಒಂದು ಸಂತೆ ದಿನ, ಒಂದು ಸಾಮಾನ್ಯ ದಿನ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಒಂದು, ಸಂಜೆ ಏಳು, ಈ ಮೂರು ಹೊತ್ತಿಗೆ ಬೀದಿಯ ಎರಡು ತುದಿ ಮತ್ತು ನಡುವಿನ ವೃತ್ತದಲ್ಲಿ ಅರ್ಧ ಗಂಟೆ ನಿಂತು ಎಣಿಸಿ. ಎಷ್ಟು ಜನ ನಡೆದು ಹೋದರು, ಅದರಲ್ಲಿ ಹೆಂಗಸರು ಎಷ್ಟು, ಎಷ್ಟು ಬೈಕು, ಎಷ್ಟು ಆಟೊ. ಊರಿನ ಪದವಿ ಕಾಲೇಜಿನ ಎನ್‌ಎಸ್‌ಎಸ್ ಘಟಕಕ್ಕೆ ಕೇಳಿ ನೋಡಿ. ಹುಡುಗರು ಹುಡುಗಿಯರು ಖುಷಿಯಿಂದ ಮಾಡುತ್ತಾರೆ.

ಜೊತೆಗೆ ಒಂದು ದೊಡ್ಡ ಹಾಳೆಯಲ್ಲಿ ಬೀದಿಯ ನಕ್ಷೆ ಬರೆಯಿರಿ. ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ. ಪ್ರತಿ ಮಳಿಗೆ ತೆರೆದಿದೆಯೋ ಮುಚ್ಚಿದೆಯೋ, ಮಾಲೀಕರು ಊರಲ್ಲಿದ್ದಾರೋ ಹೊರಗಿದ್ದಾರೋ, ಮಹಡಿ ಬಳಕೆಯಲ್ಲಿದೆಯೋ ಖಾಲಿಯೋ, ಎಲ್ಲ ಗುರುತಿಸಿ. ಚರಂಡಿ ಚಪ್ಪಡಿ ಒಡೆದ ಜಾಗ, ಉರಿಯದ ಬೀದಿ ದೀಪ, ಕಸ ಸುರಿಯುವ ಮೂಲೆ, ಮಳೆ ನೀರು ನಿಲ್ಲುವ ತಗ್ಗು, ಮರದ ನೆರಳು ಇರುವ ಕಡೆ, ಇವೂ ಬರಲಿ. ತಳ್ಳುಗಾಡಿ, ಹೂವಿನ ಬುಟ್ಟಿ, ಸೊಪ್ಪಿನ ತಟ್ಟು ಎಲ್ಲೆಲ್ಲಿ ಕೂರುತ್ತವೆ ಅನ್ನುವುದನ್ನು ಮರೆಯಬೇಡಿ. ಅವರು ಕೂರುವ ಜಾಗವೇ ಸಾಮಾನ್ಯವಾಗಿ ಬೀದಿಯ ಜೀವ ಇರುವ ಜಾಗ.

ಈ ಹಂತದಲ್ಲಿ ಕಡ್ಡಾಯವಾಗಿ ಮಾಡಬೇಕಾದ ಇನ್ನೊಂದು ಕೆಲಸ ಇದೆ. ಹಳ್ಳಿಯಿಂದ ಬರುವ ಹೆಂಗಸರ ಜೊತೆ ಮಾತಾಡಿ. ಬೆಳಗಿನ ಬಸ್ಸಿಗೆ ಬಂದವರು ಬ್ಯಾಂಕಿನ ಕೆಲಸ, ಔಷಧಿ, ದಿನಸಿ, ಮಗಳಿಗೊಂದು ಬಟ್ಟೆ ಅಂತ ಪಟ್ಟಿ ಇಟ್ಟುಕೊಂಡು ಬಂದಿರುತ್ತಾರೆ. ಮನೆ ಬಿಟ್ಟಾಗಿನಿಂದ ಒಂದು ಲೋಟ ನೀರು ಕುಡಿದಿರುವುದಿಲ್ಲ. ಯಾಕೆ? ಪೇಟೆಯಲ್ಲಿ ಹೋಗಲು ಶೌಚಾಲಯ ಇಲ್ಲ. ಬಸ್ ನಿಲ್ದಾಣದಲ್ಲಿ ಇರುವುದಕ್ಕೆ ಕಾಲಿಡಲು ಆಗುವುದಿಲ್ಲ. ಹಾಗಾಗಿ ಅರ್ಧ ಪಟ್ಟಿ ಮುಗಿಸಿ ಮಧ್ಯಾಹ್ನದ ಬಸ್ಸು ಹತ್ತುತ್ತಾರೆ. ಬಟ್ಟೆ ಅಂಗಡಿಯವರು ‘ವ್ಯಾಪಾರ ಇಲ್ಲ’ ಅನ್ನುತ್ತಾರಲ್ಲ, ಕಾರಣ ಆನ್‌ಲೈನ್ ಒಂದೇ ಅಲ್ಲ. ಬಾಣಂತಿಯರು, ಮಂಡಿ ನೋವಿನ ಹಿರಿಯರು, ಗಾಲಿ ಕುರ್ಚಿ ಬಳಸುವವರು, ಇವರಲ್ಲಿ ಒಬ್ಬೊಬ್ಬರ ಜೊತೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿ. ನಿಮ್ಮ ಕಣ್ಣಿಗೆ ಬೀಳದ ನೂರು ಅಡ್ಡಿಗಳು ಅವರಿಗೆ ಕಾಣುತ್ತವೆ.

ರಸ್ತೆ ಯಾರದು ಅಂತ ತಿಳಿದುಕೊಳ್ಳಿ

ಇದು ಸಣ್ಣ ಕೆಲಸ, ಆದರೆ ಇದನ್ನು ಬಿಟ್ಟವರು ವರ್ಷಗಟ್ಟಲೆ ತಪ್ಪು ಕಚೇರಿಗೆ ಅಲೆಯುತ್ತಾರೆ. ಊರಿನ ಮುಖ್ಯ ಬೀದಿ ಅನೇಕ ಕಡೆ ಪಟ್ಟಣ ಪಂಚಾಯಿತಿಯದ್ದಾಗಿರುವುದಿಲ್ಲ. ಲೋಕೋಪಯೋಗಿ ಇಲಾಖೆಯದ್ದೋ, ರಾಜ್ಯ ಹೆದ್ದಾರಿಯೋ ಆಗಿರುತ್ತದೆ. ಚರಂಡಿ ಒಬ್ಬರದು, ದೀಪ ಇನ್ನೊಬ್ಬರದು, ಕಂಬ ವಿದ್ಯುತ್ ಕಂಪನಿಯದು. ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಯನ್ನು, ನಗರಸಭೆಯಾದರೆ ಪೌರಾಯುಕ್ತರನ್ನು ಕಂಡು ಇದನ್ನು ಬರೆದುಕೊಂಡು ಬನ್ನಿ. ಬಾಯಿ ಮಾತಿನಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದ್ದೇ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಜಗಳದ ಧಾಟಿಯಲ್ಲಿ ಬರೆಯಬೇಡಿ. ನಾಳೆ ಅದೇ ಅಧಿಕಾರಿಯ ಜೊತೆ ಕೆಲಸ ಮಾಡಬೇಕು, ಅಲ್ವಾ?

ಯಾರನ್ನು ಕರೆಯಬೇಕು, ಹೇಗೆ ಕೂರಿಸಬೇಕು

ಪೇಟೆ ಅಂದಕೂಡಲೇ ವರ್ತಕರ ಸಂಘ ನೆನಪಾಗುತ್ತದೆ. ಅವರು ಬೇಕು. ಅವರಷ್ಟೇ ಸಾಲದು. ಬೀದಿ ಬದಿ ವ್ಯಾಪಾರಿಗಳು, ಕಟ್ಟಡ ಮಾಲೀಕರು, ಆಟೊ ಚಾಲಕರು, ಪೌರಕಾರ್ಮಿಕರು, ಸ್ತ್ರೀಶಕ್ತಿ ಸಂಘದವರು, ದೇವಸ್ಥಾನ–ಮಸೀದಿ–ಚರ್ಚಿನ ಸಮಿತಿಯವರು, ಕಾಲೇಜಿನ ಒಬ್ಬ ಉಪನ್ಯಾಸಕರು, ಬೀದಿಯಲ್ಲೇ ವಾಸ ಇರುವ ಮನೆಯವರು, ಎಲ್ಲರೂ ಇರಬೇಕು. ವಾರ್ಡ್ ಸದಸ್ಯರನ್ನು ಮೊದಲ ದಿನದಿಂದಲೇ ಕರೆಯಿರಿ. ಯಾವ ಪಕ್ಷದವರೇ ಆಗಲಿ ಸಭೆಯಲ್ಲಿ ಅವರು ಊರಿನವರು ಅಷ್ಟೇ ಅಂತ ಮೊದಲೇ ಹೇಳಿ.

ಸಭೆ ಯಾರದೋ ಪಕ್ಷದ ಕಚೇರಿಯಲ್ಲಿ, ಯಾವುದೋ ಜಾತಿಯ ಸಮುದಾಯ ಭವನದಲ್ಲಿ ಬೇಡ. ಸರ್ಕಾರಿ ಶಾಲೆ, ಗ್ರಂಥಾಲಯ, ಪುರಸಭೆ ಸಭಾಂಗಣ ಒಳ್ಳೆಯದು. ಹೊತ್ತು ಅಂಗಡಿ ಮುಚ್ಚುವ ವೇಳೆಗೆ ಇರಲಿ, ಅಥವಾ ವಾರದ ರಜೆಯ ದಿನ. ಹಗಲು ಹನ್ನೊಂದಕ್ಕೆ ಕರೆದರೆ ತಳ್ಳುಗಾಡಿಯವರು ಬರಲಾರರು. ಒಂದು ದಿನದ ದುಡಿಮೆ ಬಿಟ್ಟು ಬನ್ನಿ ಅನ್ನುವುದು ನ್ಯಾಯ ಅಲ್ಲ. ವೇದಿಕೆ, ಹಾರ, ಶಾಲು ಬೇಡವೇ ಬೇಡ. ಸುತ್ತ ಕುರ್ಚಿ ಹಾಕಿ. ಮೊದಲು ಹೂವಿನವರು, ಹಣ್ಣಿನವರು ಮಾತಾಡಲಿ. ದೊಡ್ಡ ಅಂಗಡಿಯವರು ಕೊನೆಗೆ ಮಾತಾಡಲಿ. ಈ ಕ್ರಮ ಬದಲಾದರೆ ಸಭೆಯ ದಿಕ್ಕೇ ಬದಲಾಗುತ್ತದೆ.

ಮೊದಲ ಸಭೆಯಲ್ಲೇ ಒಂದು ಜಗಳ ಬರುತ್ತದೆ, ತಯಾರಾಗಿರಿ. ‘ಫುಟ್‌ಪಾತ್ ಮೇಲಿನ ಗಾಡಿಗಳನ್ನು ಎಬ್ಬಿಸಿ, ಎಲ್ಲ ಸರಿಹೋಗುತ್ತೆ’ ಅಂತ ಅಂಗಡಿಯವರಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಆಗ ಕಾನೂನು ಗೊತ್ತಿರಬೇಕು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ 40 ಶೇಕಡಾ ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಆ ಪೈಕಿ ಮೂರನೇ ಒಂದು ಭಾಗ ಮಹಿಳೆಯರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಜಾಗ ಬದಲಿಸಬೇಕಾದರೂ 30 ದಿನದ ನೋಟಿಸ್ ಕೊಡಬೇಕು. ಮೊದಲಿನಿಂದಲೂ ಸಂತೆ ನಡೆಯುತ್ತಿರುವ ಜಾಗವನ್ನು ‘ವ್ಯಾಪಾರ ನಿಷೇಧ ವಲಯ’ ಅಂತ ಘೋಷಿಸುವಂತಿಲ್ಲ. ನಿಮ್ಮ ಊರಿನಲ್ಲಿ ಆ ಸಮಿತಿ ಕಾಗದದ ಮೇಲೆ ಮಾತ್ರ ಇದ್ದರೆ ಅದನ್ನು ಕೂರಿಸುವುದೇ ನಿಮ್ಮ ಮೊದಲ ಸಾಧನೆ ಆಗಬಹುದು.

ಕಾನೂನಿಗಿಂತ ದೊಡ್ಡ ಮಾತು ಇನ್ನೊಂದಿದೆ. ಸೊಪ್ಪು ಕೊಳ್ಳಲು ಬಂದವರೇ ಪಕ್ಕದ ಅಂಗಡಿಯಲ್ಲಿ ಬೇಳೆ ಕೊಳ್ಳುವುದು. ಗಾಡಿ ಎದ್ದರೆ ಜನವೂ ಏಳುತ್ತಾರೆ. ನಿಮ್ಮ ಎಣಿಕೆಯ ಹಾಳೆ ಇದಕ್ಕೇ ಬೇಕಾಗಿದ್ದು, ತೆಗೆದು ತೋರಿಸಿ. ಆಮೇಲೆ ರಾಜಿಯ ಮಾತು: ಅಂಗಡಿ ಬಾಗಿಲಿಗೆ ಅಡ್ಡ ಬರದಂತೆ ಸುಣ್ಣದ ಗೆರೆ, ಗಾಡಿ ಮತ್ತು ಶಟರ್ ನಡುವೆ ಇಬ್ಬರು ಎದುರುಬದುರಾಗಿ ನಡೆಯುವಷ್ಟು ದಾರಿ, ಸಂಜೆ ಎದ್ದು ಹೋಗುವಾಗ ಕಸ ಬುಟ್ಟಿಗೆ. ಅಂಗಡಿಯವರೂ ತಮ್ಮ ಸಾಮಾನನ್ನು ಫುಟ್‌ಪಾತ್ ಮೇಲೆ ಹರಡುವುದಿಲ್ಲ ಅಂತ ಒಪ್ಪಬೇಕು. ಇಬ್ಬರಿಗೂ ಒಂದೇ ಗೆರೆ.

ಸಂಘ ನೋಂದಾಯಿಸುವ ಆತುರ ಬೇಡ. ಹತ್ತು ಹನ್ನೆರಡು ಜನರ ಗುಂಪು ಕೆಲವು ತಿಂಗಳು ಕೆಲಸ ಮಾಡಲಿ. ಯಾರು ನಿಜವಾಗಿ ಬರುತ್ತಾರೆ ಅನ್ನುವುದು ಗೊತ್ತಾಗುತ್ತದೆ. ಆಮೇಲೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸಿ, ಅದಕ್ಕೆ ಕನಿಷ್ಠ ಏಳು ಜನ ಸಾಕು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಅವರು ಒಂದೇ ಮನೆಯವರಾಗದಿರಲಿ.

ಮೂರು ತಿಂಗಳೊಳಗೆ ಕಣ್ಣಿಗೆ ಕಾಣುವ ಒಂದು ಕೆಲಸ

ಜನಕ್ಕೆ ಸಭೆಗಳ ಮೇಲೆ ನಂಬಿಕೆ ಕಡಿಮೆ. ಎಷ್ಟೋ ಸಭೆ ನೋಡಿದ್ದಾರೆ. ಹಾಗಾಗಿ ಬೇಗ ಮುಗಿಯುವ, ದುಡ್ಡು ಜಾಸ್ತಿ ಬೇಡದ, ಎಲ್ಲರಿಗೂ ಕಾಣುವ ಒಂದು ಕೆಲಸ ಹಿಡಿಯಿರಿ. ಒಡೆದ ಚಪ್ಪಡಿಗಳನ್ನೆಲ್ಲ ಒಂದೇ ವಾರದಲ್ಲಿ ಹಾಕಿಸುವುದು. ಅಂಗಡಿ ಮುಂದಿನ ದೀಪವನ್ನು ಶಟರ್ ಎಳೆದ ಮೇಲೂ ರಾತ್ರಿ ಒಂಬತ್ತೂವರೆವರೆಗೆ ಉರಿಸುವುದು. ಮರದ ಬುಡಕ್ಕೆ ಕಟ್ಟೆ ಕಟ್ಟಿ ಕುಡಿಯುವ ನೀರು ಇಡುವುದು.

ಕಸದ ವಿಷಯಕ್ಕೆ ಮಂಗಳೂರಿನದು ನೋಡಬೇಕಾದ ಉದಾಹರಣೆ. ಅಲ್ಲಿನ ರಾಮಕೃಷ್ಣ ಮಿಷನ್ 2015ರಿಂದ ವರ್ಷಗಟ್ಟಲೆ ಭಾನುವಾರ ಬೆಳಿಗ್ಗೆ ಸ್ವಯಂಸೇವಕರನ್ನು ಸೇರಿಸಿ ಬೀದಿ ಶುಚಿ ಮಾಡಿತು. ಕಸ ಸುರಿಯುವ ಮೂಲೆಗಳನ್ನು ಗುಡಿಸಿ, ಅಲ್ಲಿ ಗಿಡದ ಕುಂಡ ಇಟ್ಟು ಚಂದ ಮಾಡಿದರು. ಮನೆಮನೆಗೂ ಹೋಗಿ ಮಾತಾಡಿದರು. ಒಂದು ದಿನ ಪೊರಕೆ ಹಿಡಿದು ಫೋಟೊ ತೆಗೆಸಿಕೊಳ್ಳುವುದಕ್ಕೂ ವಾರ ವಾರ ಅದೇ ಕೆಲಸಕ್ಕೆ ಬರುವುದಕ್ಕೂ ಇರುವ ವ್ಯತ್ಯಾಸ ಜನಕ್ಕೆ ಅರ್ಥವಾಗುತ್ತದೆ.

ಆದರೆ ಪೇಟೆಯಲ್ಲಿ ಕಸಕ್ಕೆ ಒಂದು ಬೇರೆ ಕಾರಣವೂ ಇರುತ್ತದೆ. ಕಸದ ಗಾಡಿ ಬೆಳಿಗ್ಗೆ ಏಳಕ್ಕೆ ಬರುತ್ತದೆ. ಅಂಗಡಿ ತೆರೆಯುವುದು ಒಂಬತ್ತೂವರೆಗೆ. ಹಿಂದಿನ ರಾತ್ರಿ ಗುಡಿಸಿದ ರಟ್ಟು, ಪ್ಲಾಸ್ಟಿಕ್ಕು ಎಲ್ಲಿಗೆ ಹೋಗಬೇಕು? ಬೀದಿಗೆ. ನಾಯಿ, ದನ ಎಳೆದಾಡುತ್ತವೆ. ಇಲ್ಲಿ ಜನರಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ಪೇಟೆ ಬೀದಿಗೆ ಬೆಳಿಗ್ಗೆ ಹತ್ತಕ್ಕೋ ರಾತ್ರಿ ಒಂಬತ್ತಕ್ಕೋ ಗಾಡಿಯ ಇನ್ನೊಂದು ಸುತ್ತು ಬೇಕು ಅಂತ ಮುಖ್ಯಾಧಿಕಾರಿಗೆ ಬರೆದುಕೊಡಿ. ಸಮಯ ಹೊಂದಿಸುವಾಗ ಪೌರಕಾರ್ಮಿಕರನ್ನೇ ಕೇಳಿ. ಅವರ ಪಾಳಿ ಅವರಿಗೇ ಗೊತ್ತು.

ಈಗ ಶೌಚಾಲಯ. ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ಇದನ್ನೇ. ಕಟ್ಟುವುದು ಸುಲಭ, ನಡೆಸುವುದು ಕಷ್ಟ. ಬಹಳಷ್ಟು ಊರುಗಳಲ್ಲಿ ಕಟ್ಟಡ ಇದೆ, ಬೀಗ ಹಾಕಿದೆ, ಕೀಲಿ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಹೊಸದು ಕೇಳುವ ಮೊದಲು ಇರುವುದನ್ನು ತೆರೆಸಿ. ನೀರಿನ ಸಂಪರ್ಕ, ದೀಪ, ಒಳಗಿನಿಂದ ಹಾಕುವ ಚಿಲಕ, ಹೆಂಗಸರ ಕಡೆ ಮುಚ್ಚಳದ ಕಸದ ಬುಟ್ಟಿ, ಬ್ಯಾಗ್ ನೇತುಹಾಕಲು ಒಂದು ಗೂಟ. ಈ ಐದು ಇಲ್ಲದಿದ್ದರೆ ಯಾರೂ ಬಳಸುವುದಿಲ್ಲ. ನಡೆಸುವ ಹೊಣೆಯನ್ನು ಒಂದು ಮಹಿಳಾ ಸ್ವಸಹಾಯ ಸಂಘಕ್ಕೆ ಪುರಸಭೆಯಿಂದ ಬರವಣಿಗೆಯಲ್ಲಿ ಕೊಡಿಸಿ. ಪಕ್ಕದಲ್ಲೇ ಅವರಿಗೊಂದು ಟೀ ಅಥವಾ ಹಣ್ಣಿನ ರಸದ ಅಂಗಡಿಗೆ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು, ದಿನವಿಡೀ ಅಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಬಳಸುವವರ ಚಿಲ್ಲರೆಯಿಂದ ಸಂಬಳ ಹೊರಡುವುದಿಲ್ಲ. ಕೊರತೆಯನ್ನು ಅಂಗಡಿಗಳು ತಿಂಗಳಿಗಿಷ್ಟು ಅಂತ ಹಾಕಿಕೊಳ್ಳಬೇಕು. ಶೌಚಾಲಯ ತೊಳೆಯುವವರಿಗೆ ಕೈಗವಸು, ಬೂಟು, ಸರಿಯಾದ ಕೂಲಿ ಕೊಡಿ. ದಾನ ಧರ್ಮದ ಲೆಕ್ಕದಲ್ಲಿ ಮಾಡಿಸುವ ಕೆಲಸ ಅದಲ್ಲ. ಬೀದಿಯ ಹೋಟೆಲ್‌ಗಳಲ್ಲಿ ಎರಡಾದರೂ ‘ಇಲ್ಲಿ ಶೌಚಾಲಯ ಇದೆ, ಹೆಂಗಸರು ಬಳಸಬಹುದು’ ಅಂತ ಬೋರ್ಡ್ ಹಾಕಲು ಒಪ್ಪಿದರೆ ಆ ದಿನದಿಂದಲೇ ಬದಲಾವಣೆ ಶುರು.

ಗಾಡಿ ನಿಲ್ಲಿಸುವ ಜಾಗ

‘ಪಾರ್ಕಿಂಗ್ ಇಲ್ಲ, ಅದಕ್ಕೇ ಗಿರಾಕಿ ಬರ್ತಿಲ್ಲ.’ ಎಲ್ಲ ಊರಲ್ಲೂ ಕೇಳುವ ಮಾತು. ಒಂದು ಕೆಲಸ ಮಾಡಿ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ಮುಂದೆ ನಿಂತ ಬೈಕುಗಳ ನಂಬರ್ ಬರೆದುಕೊಳ್ಳಿ. ಸಂಜೆ ಐದಕ್ಕೆ ಮತ್ತೆ ನೋಡಿ. ಅದೇ ನಂಬರ್‌ಗಳು ಅಲ್ಲೇ ಇದ್ದರೆ ಅವು ಗಿರಾಕಿಗಳದ್ದಲ್ಲ. ಮಾಲೀಕರು ಮತ್ತು ಕೆಲಸದವರ ಗಾಡಿಗಳು. ಇವನ್ನು ಹಿಂದಿನ ಖಾಲಿ ನಿವೇಶನಕ್ಕೋ ಸಂತೆ ಮೈದಾನಕ್ಕೋ ಕಳಿಸುವುದಕ್ಕೆ ಸರ್ಕಾರದ ಒಂದು ಪೈಸೆ ಬೇಡ, ಅಂಗಡಿಯವರ ಒಪ್ಪಿಗೆ ಸಾಕು. ಲಾರಿಯಿಂದ ಸಾಮಾನು ಇಳಿಸುವುದು ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ.

ರಸ್ತೆ ಅಗಲೀಕರಣ ಬೇಕು ಅನ್ನುವವರೂ ಇರುತ್ತಾರೆ. ಒಮ್ಮೆ ಯೋಚಿಸಿ. ಅಗಲ ಮಾಡಿದ ಪೇಟೆಯಲ್ಲಿ ವಾಹನ ಜೋರಾಗಿ ಹೋಗುತ್ತವೆ, ಎದುರಂಗಡಿಗೆ ದಾಟುವುದು ಕಷ್ಟ. ಜಗಲಿ, ಮರ, ಕಟ್ಟೆ ಹೋಗುತ್ತವೆ. ದೂರ ಹೋಗುವ ವಾಹನಗಳಿಗೆ ಹೇಗೂ ಬೈಪಾಸ್ ಇದೆಯಲ್ಲ. ಪೇಟೆ ಬೀದಿ ನಿಧಾನವಾಗಿಯೇ ಇರಲಿ.

ವಾಹನ ಇಲ್ಲದ ಬೀದಿ ಹೇಗಿರುತ್ತದೆ ಅಂತ ನೋಡಬೇಕಾದರೆ ಶಾಶ್ವತವಾಗಿ ಏನನ್ನೂ ಕಟ್ಟಬೇಡಿ, ಸುಮ್ನೆ ಪ್ರಯೋಗ ಮಾಡಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ–ಭಾನುವಾರ ವಾಹನ ನಿಲ್ಲಿಸಿ ನೋಡಿದ್ದರು. ಅದು ಮಹಾನಗರ, ನಮ್ಮ ಊರಿನ ಮಾತು ಬೇರೆ. ಆದರೂ ಕ್ರಮ ಒಂದೇ: ಮೊದಲು ತಾತ್ಕಾಲಿಕವಾಗಿ ಮಾಡಿ, ಲೆಕ್ಕ ನೋಡಿ, ಆಮೇಲೆ ಮುಂದಿನ ಮಾತು. ನಿಮ್ಮಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಸಾಕು. ಪೊಲೀಸ್ ಠಾಣೆ ಮತ್ತು ಪುರಸಭೆಯ ಅನುಮತಿ ಬರವಣಿಗೆಯಲ್ಲಿ ಇರಲಿ. ಆಂಬುಲೆನ್ಸ್, ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡಿ. ಆಟೊದವರಿಗೆ ಬೀದಿಯ ಎರಡು ತುದಿಯಲ್ಲಿ ನಿಲ್ದಾಣ ಕೊಡಿ, ಇಲ್ಲದಿದ್ದರೆ ಅವರು ಆ ಸಂಜೆಯ ದುಡಿಮೆ ಕಳೆದುಕೊಳ್ಳುತ್ತಾರೆ.

ಮುಚ್ಚಿದ ಶಟರ್, ಹಳೇ ಕಟ್ಟಡ

ಅಮೆರಿಕದಲ್ಲಿ ಇದೇ ಕಷ್ಟಕ್ಕೆ 1977ರಲ್ಲಿ ಒಂದು ಪ್ರಯೋಗ ಶುರುವಾಯಿತು. ಹಳೇ ಕಟ್ಟಡಗಳನ್ನು ಕಾಪಾಡುವ ಅಲ್ಲಿನ ರಾಷ್ಟ್ರೀಯ ಟ್ರಸ್ಟ್ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಊರುಗಳನ್ನು ಆರಿಸಿಕೊಂಡಿತು. ಅಲ್ಲೂ ಹೆದ್ದಾರಿ ಪಕ್ಕದ ದೊಡ್ಡ ಮಾಲ್‌ಗಳು ಹಳೇ ಬೀದಿಯ ವ್ಯಾಪಾರ ಎಳೆದುಕೊಂಡಿದ್ದವು. ಕಟ್ಟಡ ಉಳಿಯಬೇಕಾದರೆ ಅದರೊಳಗಿನ ಅಂಗಡಿ ಉಳಿಯಬೇಕು, ಅಂಗಡಿ ಉಳಿಯಬೇಕಾದರೆ ಬೀದಿಯವರೆಲ್ಲ ಒಟ್ಟಿಗೆ ಇರಬೇಕು ಅನ್ನುವುದೇ ಆ ಕೆಲಸದ ತಿರುಳು. 1980ರಲ್ಲಿ ಅದು ‘ಮೇನ್ ಸ್ಟ್ರೀಟ್’ ಎಂಬ ದೇಶವ್ಯಾಪಿ ಕಾರ್ಯಕ್ರಮವಾಯಿತು.

ನಮ್ಮಲ್ಲಿ ಶಟರ್ ಮುಚ್ಚಿರುವುದಕ್ಕೆ ಕಾರಣ ಬರೀ ವ್ಯಾಪಾರ ಇಲ್ಲದಿರುವುದಲ್ಲ. ಅಣ್ಣತಮ್ಮಂದಿರ ಪಾಲು ಆಗಿಲ್ಲ. ಮಾಲೀಕರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಬಾಡಿಗೆಗೆ ಕೊಟ್ಟರೆ ಬಿಡಿಸುವುದು ಕಷ್ಟ ಅನ್ನುವ ಭಯ. ಕೆಲವು ಕಡೆ ಪುರಸಭೆಯದೇ ಮಳಿಗೆ, ಹರಾಜಿನಲ್ಲಿ ಬಾಡಿಗೆ ಏರಿ ಯಾರಿಗೂ ಕೈಗೆಟುಕುತ್ತಿಲ್ಲ. ಪ್ರತಿಯೊಂದಕ್ಕೂ ಮದ್ದು ಬೇರೆ. ಭಯ ಇರುವ ಮಾಲೀಕರಿಗೆ ಹನ್ನೊಂದು ತಿಂಗಳ ಕರಾರು ಮಾಡಿಕೊಡಿ, ನಿಮ್ಮ ಸಂಘದ ಇಬ್ಬರು ಹಿರಿಯರು ಸಾಕ್ಷಿ ಹಾಕಲಿ. ಮೊದಲ ಮೂರು ತಿಂಗಳು ಅರ್ಧ ಬಾಡಿಗೆ, ಅದಕ್ಕೆ ಬದಲು ಬಾಡಿಗೆದಾರರೇ ಸುಣ್ಣ ಬಣ್ಣ ಮಾಡಿಸುವುದು, ಇಂಥ ಒಪ್ಪಂದ ಎರಡೂ ಕಡೆಗೆ ಹಿಡಿಸುತ್ತದೆ. ಪಾಲು ಆಗದ ಮಳಿಗೆಯ ಜಗಲಿಯನ್ನಾದರೂ ಹಬ್ಬದ ತಿಂಗಳಲ್ಲಿ ಹೂವಿನವರಿಗೆ ಬಿಡಿಸಿ.

ಹಳೇ ಹೆಂಚಿನ ಮನೆ, ಮರದ ಕಂಬ, ಜಗಲಿ ಇದ್ದರೆ ಅದು ನಿಮ್ಮ ಊರಿನ ಆಸ್ತಿ. ಮಣ್ಣು, ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಬಣ್ಣ ಹೊಡೆದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಹಾಳಾಗುತ್ತದೆ. ಸುಣ್ಣವೇ ಒಳ್ಳೆಯದು, ಅಗ್ಗ ಕೂಡ.

ಜಗಲಿಗೆ ಇನ್ನೊಂದು ಶತ್ರು ಇದೆ: ಡಾಂಬರು. ಹಳೇ ಪದರದ ಮೇಲೆ ಹೊಸದು, ಅದರ ಮೇಲೆ ಇನ್ನೊಂದು. ಪ್ರತಿ ಸಲವೂ ರಸ್ತೆ ಮೇಲೇರುತ್ತದೆ. ಮೂರು ಮೆಟ್ಟಿಲ ಜಗಲಿ ಕೊನೆಗೆ ರಸ್ತೆಯ ಮಟ್ಟಕ್ಕೆ ಬರುತ್ತದೆ, ಮಳೆಗಾಲದಲ್ಲಿ ಚರಂಡಿ ನೀರು ಅಕ್ಕಿ ಮೂಟೆಯ ಅಡಿಗೆ ಹರಿಯುತ್ತದೆ. ಮುಂದಿನ ಸಲ ಡಾಂಬರು ಹಾಕುವ ಸುದ್ದಿ ಬಂದ ಕೂಡಲೇ ‘ಹಳೇ ಪದರ ಕೆರೆದು ತೆಗೆದ ಮೇಲೆ ಹೊಸದು ಹಾಕಿ’ ಅಂತ ಎಂಜಿನಿಯರ್‌ಗೆ ಲಿಖಿತ ಮನವಿ ಕೊಡಿ. ಕಾಮಗಾರಿ ಶುರುವಾದ ಮೇಲೆ ಹೇಳಿದರೆ ಅಂದಾಜು ಪಟ್ಟಿಯಲ್ಲಿ ಇಲ್ಲ ಅನ್ನುತ್ತಾರೆ.

ಬೋರ್ಡ್‌ಗಳ ವಿಷಯ. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧವಾಗಿದೆ. 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು. ಹೇಗೂ ಬದಲಿಸಬೇಕು ಅಂದಮೇಲೆ ಎಲ್ಲರೂ ಸೇರಿ ಊರಿನ ಬೋರ್ಡ್ ಬರೆಯುವ ಕಲಾವಿದರಿಂದಲೇ ಕೈಬರಹದಲ್ಲಿ ಬರೆಸಬಹುದಲ್ಲ. ಒಂದೇ ಅಳತೆ, ಬೇರೆ ಬೇರೆ ಬಣ್ಣ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡವರಿಗೆ ಮತ್ತೆ ಕೆಲಸ, ಬೀದಿಗೂ ಒಂದು ಕಳೆ.

ಬರುವುದಕ್ಕೆ ಒಂದು ಕಾರಣ

ಸೌಕರ್ಯ ಆಯಿತು. ಜನ ಯಾಕೆ ಬರಬೇಕು? ಹೊಸ ಉತ್ಸವ ಹುಟ್ಟುಹಾಕಬೇಡಿ. ನಿಮ್ಮಲ್ಲಿ ಈಗಾಗಲೇ ಸಂತೆ ಇದೆ, ಜಾತ್ರೆ ಇದೆ, ಗಣೇಶನ ಹಬ್ಬ, ರಂಜಾನ್, ರಾಜ್ಯೋತ್ಸವ ಇವೆ. ಅವಕ್ಕೆ ಪೇಟೆಯನ್ನು ಜೋಡಿಸಿ. ಸಂತೆ ದಿನ ಅಂಗಡಿಗಳು ಒಂದು ಗಂಟೆ ಮೊದಲೇ ತೆರೆಯಲಿ.

ಊರಿಗೆ ಒಂದು ಹೆಸರು ತಂದ ವಸ್ತು ಇದ್ದರೆ ಅದನ್ನು ಮಾರುವುದಷ್ಟೇ ಮಾಡಬೇಡಿ, ಮಾಡುವುದನ್ನು ತೋರಿಸಿ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು (ಜಿಐ), ಅಂದರೆ ಇದು ಆ ಊರಿನದೇ ವಸ್ತು ಅನ್ನುವ ಕಾನೂನಿನ ಮಾನ್ಯತೆ, ಸಿಕ್ಕಿದೆ. ಅಂಗಡಿಯ ಕಪಾಟಿನಲ್ಲಿರುವ ಗೊಂಬೆ ಆನ್‌ಲೈನ್‌ನಲ್ಲೂ ಸಿಗುತ್ತದೆ. ಆದರೆ ಚರಕಿಯ ಮೇಲೆ ಮರದ ತುಂಡು ತಿರುಗುತ್ತಿರುವಾಗ ಅದಕ್ಕೆ ಅರಗಿನ ಕಡ್ಡಿ ಒತ್ತಿದರೆ, ಆ ಬಿಸಿಗೆ ಅರಗು ಕರಗಿ ಬಣ್ಣ ಮೆತ್ತಿಕೊಳ್ಳುತ್ತದಲ್ಲ, ಆಮೇಲೆ ತಾಳೆ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದಲ್ಲ, ಅದನ್ನು ಕಣ್ಣಾರೆ ನೋಡಿದ ಮಗು ಅಲ್ಲಿಂದ ಏಳುವುದಿಲ್ಲ. ಪೇಟೆಯ ಒಂದು ಖಾಲಿ ಮಳಿಗೆಯಲ್ಲಿ ಶನಿವಾರ, ಭಾನುವಾರ ಒಬ್ಬ ಕುಶಲಕರ್ಮಿ ಕೂತರೆ ಸಾಕು. ಅವರ ದಿನದ ಕೂಲಿಯನ್ನು ಸಂಘ ಕೊಡಲಿ, ಅವರು ಪ್ರದರ್ಶನದ ಗೊಂಬೆ ಅಲ್ಲ. ಇಳಕಲ್ ಸೀರೆ, ಗುಳೇದಗುಡ್ಡ ಖಣ, ಅಮೀನಗಡದ ಕರದಂಟು, ಸಾಗರದ ಗಂಧದ ಕೆತ್ತನೆ, ಯಾವ ಊರಿಗಾದರೂ ಇದು ಒಪ್ಪುತ್ತದೆ. ಹಾಗೆ ಹೆಸರಾದ ವಸ್ತು ಇಲ್ಲದ ಊರಿಗೂ ಒಬ್ಬ ಒಳ್ಳೆ ಕಮ್ಮಾರ, ಒಂದು ಒಳ್ಳೆ ಮೆಣಸಿನ ಪುಡಿಯ ಗಿರಣಿ ಇರುತ್ತದೆ.

ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ಇಲ್ಲ. ಅಂದರೆ ಹಳೇ ರಸ್ತೆ ಊರಿನವರಿಗೇ ಉಳಿಯಿತು. ಸುತ್ತಲಿನ ಹಳ್ಳಿಯವರೇ ಆ ಪೇಟೆಗಳ ಖಾಯಂ ಗಿರಾಕಿಗಳು. ದೂರದ ಪ್ರವಾಸಿಗರಿಗೆ ಬಲೆ ಬೀಸುವ ಮೊದಲು ಹತ್ತು ಕಿಲೋಮೀಟರ್ ಒಳಗಿನ ಜನಕ್ಕೆ ಏನು ಬೇಕು ಅಂತ ನೋಡುವುದು ಲಾಭ. ರಿಪೇರಿ, ಹೊಲಿಗೆ, ಕೃಷಿ ಸಲಕರಣೆ, ಶಾಲೆಯ ಸಾಮಾನು.

ಇನ್ನೊಂದು ವಿಷಯಕ್ಕೆ ಕಣ್ಣಿಟ್ಟಿರಿ. ಅಂಚೆ ಕಚೇರಿ, ಬ್ಯಾಂಕ್ ಶಾಖೆ, ಗ್ರಂಥಾಲಯ, ನಾಡಕಚೇರಿ ಪೇಟೆಯಿಂದ ಹೊರಗೆ ಹೋಗುವ ಪ್ರಸ್ತಾವ ಬಂದರೆ ಅಂದೇ ಸಭೆ ಸೇರಿ ಆಕ್ಷೇಪಣೆ ಬರೆಯಿರಿ. ಖಾಲಿ ಮಹಡಿಗಳನ್ನು ಅವರಿಗೆ ತೋರಿಸಿ. ಅವು ಹೋದ ಮೇಲೆ ಬೀದಿಗೆ ಯಾವ ಬಣ್ಣ ಹೊಡೆದರೂ ಜನ ಬರುವುದಿಲ್ಲ.

ದುಡ್ಡು

ಮೊದಲು ಬೀದಿಯ ದುಡ್ಡು ಬರಲಿ. ಅಂಗಡಿಯ ಗಾತ್ರಕ್ಕೆ ತಕ್ಕಂತೆ ತಿಂಗಳ ವಂತಿಗೆ, ತಳ್ಳುಗಾಡಿಯವರಿಗೆ ಹತ್ತೋ ಇಪ್ಪತ್ತೋ. ಖರ್ಚಿನ ಲೆಕ್ಕ ತಿಂಗಳ ಮೊದಲ ವಾರ ವೃತ್ತದ ಕಪ್ಪು ಹಲಗೆಯ ಮೇಲೆ ಬರೆಯಿರಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಮಾತ್ರ ಸಾಲದು, ಗುಂಪಿನಲ್ಲಿ ಇಲ್ಲದವರೂ ಓದಬೇಕು.

ಆಮೇಲೆ ಪುರಸಭೆ. ಪ್ರತಿ ವರ್ಷ ಬಜೆಟ್‌ಗೆ ಮೊದಲು ಸಾರ್ವಜನಿಕರ ಜೊತೆ ಪೂರ್ವಭಾವಿ ಸಭೆ ನಡೆಯುತ್ತದೆ. ಸಾಮಾನ್ಯವಾಗಿ ಅಲ್ಲಿ ಕುರ್ಚಿಗಳು ಖಾಲಿ. ನೀವು ಇಪ್ಪತ್ತು ಜನ ಹೋಗಿ, ಕೈಯಲ್ಲಿ ನಕ್ಷೆ ಮತ್ತು ಎಣಿಕೆಯ ಹಾಳೆ ಹಿಡಿದು ಮೂರೇ ಮೂರು ಬೇಡಿಕೆ ಇಡಿ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಕಟ್ಟಡಕ್ಕೆ ಕೇಳಿದರೆ ಸಿಗಬಹುದು, ನಿರ್ವಹಣೆಗೆ ಅದನ್ನು ನಂಬಬೇಡಿ. ಹತ್ತಿರದಲ್ಲಿ ಕಾರ್ಖಾನೆ ಇದ್ದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ ಶೇಕಡಾ 2 ಸಮಾಜದ ಕೆಲಸಕ್ಕೆ ಕೊಡಬೇಕಾದ ಕಂಪನಿಯೇ ಅಂತ ವಿಚಾರಿಸಿ. ತಳ್ಳುಗಾಡಿಯವರಿಗೆ 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಮೊದಲ ಕಂತು 10,000 ರೂಪಾಯಿ ಇದ್ದದ್ದು 2025ರಲ್ಲಿ 15,000 ಆಗಿದೆ. ಅರ್ಜಿ ತುಂಬಲು ಕಾಲೇಜಿನ ಮಕ್ಕಳು ಒಂದು ದಿನ ಕೂತರೆ ಬಹಳ ಜನಕ್ಕೆ ಅನುಕೂಲ.

ಊರು ಬಿಟ್ಟು ಬೆಂಗಳೂರು, ಮುಂಬೈ, ದುಬೈ ಸೇರಿದವರಿಗೆ ‘ಊರಿಗೆ ಏನಾದರೂ ಮಾಡಿ’ ಅಂದರೆ ಏನೂ ಬರುವುದಿಲ್ಲ. ‘ಮರದ ಬುಡದ ಕಟ್ಟೆಗೆ ಇಷ್ಟು ರೂಪಾಯಿ, ಇದು ಅಂದಾಜು ಪಟ್ಟಿ’ ಅಂತ ಕೇಳಿ. ಮುಚ್ಚಿದ ಮಳಿಗೆಯ ಮಾಲೀಕರಾಗಿದ್ದರೆ ದುಡ್ಡು ಬೇಡ, ಕೀಲಿ ಕೊಡಿ ಅನ್ನಿ.

ಎರಡನೇ ವರ್ಷ

ಕಾರ್ಯದರ್ಶಿ ವರ್ಷಕ್ಕೊಮ್ಮೆ ಬದಲಾಗಲಿ. ಚುನಾವಣೆ ಬಂದಾಗ ಸಂಘದ ಹೆಸರು, ಫೋಟೊ ಯಾರ ಪ್ರಚಾರಕ್ಕೂ ಹೋಗಬಾರದು ಅಂತ ನಿಯಮ ಬರೆದಿಡಿ. ಒಂದು ವರ್ಷದ ನಂತರ ಅದೇ ತಿಂಗಳು, ಅದೇ ಸಂತೆ ದಿನ, ಅದೇ ಜಾಗಗಳಲ್ಲಿ ನಿಂತು ಮತ್ತೆ ಎಣಿಸಿ. ಹೆಂಗಸರ ಸಂಖ್ಯೆ ಏರಿದೆಯಾ, ಸಂಜೆ ಏಳರ ಸಂಖ್ಯೆ ಏರಿದೆಯಾ, ಈ ಎರಡನ್ನು ಮೊದಲು ನೋಡಿ.

ಬೀದಿ ಚೇತರಿಸಿಕೊಂಡರೆ ಬಾಡಿಗೆ ಏರುತ್ತದೆ. ಕಷ್ಟದ ದಿನಗಳಲ್ಲಿ ಬೀದಿಯನ್ನು ಹಿಡಿದುಕೊಂಡಿದ್ದ ಟೈಲರ್, ಚಪ್ಪಲಿ ಹೊಲಿಯುವವರು, ಗಡಿಯಾರ ರಿಪೇರಿಯವರು ಮೊದಲು ಹೊರಬೀಳುತ್ತಾರೆ. ಇದು ಆದ ಮೇಲೆ ಸರಿಪಡಿಸುವುದು ಕಷ್ಟ. ಆದ್ದರಿಂದ ಶುರುವಿನಲ್ಲೇ ಮಾಲೀಕರನ್ನು ಕೂರಿಸಿ, ಹಳೇ ಬಾಡಿಗೆದಾರರಿಗೆ ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ಏರಿಸುವುದಿಲ್ಲ ಅಂತ ಮಾತು ತೆಗೆದುಕೊಂಡು ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿಸಿ.

ಮೊದಲ ಮನವಿ ಹೀಗಿರಲಿ

ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ, ಹೇಗೆ ಬರೆಯಬೇಕು ಅಂತ ತಿಳಿಯದೆ. ಇದನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ:

‘ಮುಖ್ಯಾಧಿಕಾರಿಗಳಿಗೆ, ಪುರಸಭೆ. ಮಾನ್ಯರೇ, ವಿಷಯ: ಪೇಟೆ ಬೀದಿಯ ಮಹಿಳಾ ಶೌಚಾಲಯ ತೆರೆಯುವ ಬಗ್ಗೆ. ನಾವು ಪೇಟೆ ಬೀದಿಯ ಅಂಗಡಿಯವರು, ಬೀದಿ ಬದಿ ವ್ಯಾಪಾರಿಗಳು ಮತ್ತು ನಿವಾಸಿಗಳು. ಕಳೆದ ಸಂತೆ ದಿನ ನಾವು ಎಣಿಸಿದಂತೆ ಬೆಳಿಗ್ಗೆ ಹತ್ತರಿಂದ ಹತ್ತೂವರೆವರೆಗೆ ಇಷ್ಟು ಮಹಿಳೆಯರು ಬೀದಿಯಲ್ಲಿ ಓಡಾಡಿದ್ದಾರೆ. ಈಗಿರುವ ಶೌಚಾಲಯಕ್ಕೆ ಬೀಗ ಹಾಕಿದೆ. ನೀರಿನ ಸಂಪರ್ಕ ಮತ್ತು ದೀಪ ಸರಿಪಡಿಸಿ, ನಿರ್ವಹಣೆಯನ್ನು ಇಂಥ ಸ್ವಸಹಾಯ ಸಂಘಕ್ಕೆ ವಹಿಸಿಕೊಡಲು ಕೋರುತ್ತೇವೆ. ನಿರ್ವಹಣೆಯ ಖರ್ಚಿನಲ್ಲಿ ತಿಂಗಳಿಗೆ ಇಷ್ಟು ರೂಪಾಯಿಯನ್ನು ಬೀದಿಯ ಅಂಗಡಿಗಳು ಭರಿಸಲು ಒಪ್ಪಿವೆ. ಎಣಿಕೆಯ ಹಾಳೆ, ನಕ್ಷೆ, ಒಪ್ಪಿಗೆ ಸಹಿಗಳನ್ನು ಲಗತ್ತಿಸಿದೆ.’

ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೇ ಬನ್ನಿ. ವಾರ್ಡ್ ಸದಸ್ಯರಿಗೆ ಅದರ ಜೆರಾಕ್ಸ್ ಕೊಟ್ಟು, ಮುಂದಿನ ಸಾಮಾನ್ಯ ಸಭೆಯ ವಿಷಯ ಪಟ್ಟಿಗೆ ಸೇರಿಸುವಂತೆ ಕೇಳಿ.